ಲಗೋರಿ ಆಡಿದ ರೋಬೋ: ಸ್ಪರ್ಧೆಯೇ ಕ್ಲಾಸ್ ಆದ ಕಥೆ

 

ಇವತ್ತು ಲಗೋರಿಯಿಂದ ಶುರು ಮಾಡೋಣ. ಒಡೆದ ಹೆಂಚಿನ ಚೂರು ಒಂದರ ಮೇಲೊಂದು ಪೇರಿಸಿ, ಚೆಂಡಿನಿಂದ ಹೊಡೆದು ಕೆಡವಿ, ಎದುರಾಳಿ ನಮ್ಮ ಬೆನ್ನಿಗೆ ಚೆಂಡು ಬೀಸೋದರೊಳಗೆ ಮತ್ತೆ ಪೇರಿಸೋ ಆಟ. ನಮ್ಮ ಓಣಿಗಳಲ್ಲಿ ಇದನ್ನು ಆಡದೆ ಬೆಳೆದವರು ಕಡಿಮೆ. 2022ರಲ್ಲಿ ಇದೇ ಆಟವನ್ನು, ಇದೇ ಹೆಸರಿನಲ್ಲಿ, ದೆಹಲಿಯಲ್ಲಿ ರೋಬೋಗಳು ಆಡಿದವು. ಎಬಿಯು ರೋಬೋಕಾನ್ ಅಂತ ಒಂದು ಸ್ಪರ್ಧೆ ಇದೆ. ಏಷ್ಯಾ-ಪೆಸಿಫಿಕ್ ದೇಶಗಳ ಪ್ರಸಾರ ಸಂಸ್ಥೆಗಳ ಒಕ್ಕೂಟ ನಡೆಸುವಂಥದ್ದು. ಪ್ರತಿ ವರ್ಷ ಆತಿಥೇಯ ದೇಶ ತನ್ನ ನೆಲದ ಒಂದು ವಿಷಯ ಆರಿಸುತ್ತೆ. 2008ರಲ್ಲಿ ಪುಣೆಯಲ್ಲಿ ನಡೆದಾಗ ವಿಷಯ 'ಗೋವಿಂದ', ಅಂದ್ರೆ ಮೊಸರುಗಡಿಗೆ ಒಡೆಯೋದು. 2022ಕ್ಕೆ ಲಗೋರಿ. ಒಂದು ರೋಬೋ ಚೆಂಡು ಎಸೆದು ಕೆಡವಬೇಕು, ಇನ್ನೊಂದು ಪೇರಿಸಬೇಕು.

ನೋಡೋಕೆ ಮಜಾ, ಹೌದು. ಆದ್ರೆ ನನ್ನ ಪ್ರಶ್ನೆ ಬೇರೆ. ಈ ಯಂತ್ರಗಳನ್ನು ಕಟ್ಟಿದವರು ಕಾಲೇಜು ವಿದ್ಯಾರ್ಥಿಗಳು. ಅವರು ಇದನ್ನು ಕಲಿತದ್ದು ಎಲ್ಲಿ? ಕ್ಲಾಸಿನಲ್ಲಾ, ಸ್ಪರ್ಧೆಯಲ್ಲಾ? ಸ್ಪರ್ಧೆಯನ್ನೇ ಕ್ಲಾಸ್ ಮಾಡಬಹುದು ಅಂತ ಮೊದಲು ಯಾರಿಗೆ ಹೊಳೀತು? ಆ ಐಡಿಯಾ ನಮ್ಮ ಕಡೆ ಎಷ್ಟು ಬಂತು?

ಮೊದಲು 'ಎಂಬೆಡೆಡ್' ಅನ್ನೋ ಪದ. ನಮ್ಮ ಹೊಲದ ಬೋರ್‌ವೆಲ್‌ಗೆ ಮೊಬೈಲ್ ಸ್ಟಾರ್ಟರ್ ಕೂರಿಸಿರ್ತಾರಲ್ಲ? ಮನೆಯಿಂದ ಫೋನ್ ಮಾಡಿದ್ರೆ ಮೋಟಾರ್ ಶುರುವಾಗುತ್ತೆ, ವೋಲ್ಟೇಜ್ ಬಿದ್ರೆ ತಾನೇ ಬಂದ್ ಆಗುತ್ತೆ. ಆ ಡಬ್ಬಿಯೊಳಗೆ ಒಂದು ಪುಟ್ಟ ಕಂಪ್ಯೂಟರ್ ಇದೆ. ಅದಕ್ಕೆ ಸ್ಕ್ರೀನ್ ಇಲ್ಲ, ಕೀಬೋರ್ಡ್ ಇಲ್ಲ, ಅದು ಮಾಡೋದು ಒಂದೇ ಕೆಲಸ. ಅದೇ ಎಂಬೆಡೆಡ್ ಸಿಸ್ಟಮ್. ಅದಕ್ಕೆ ಗಾಲಿ, ಮೋಟಾರು, ಸುತ್ತಲಿನದನ್ನು ಅರಿಯೋ ಸೆನ್ಸರ್ ಜೋಡಿಸಿದ್ರೆ ರೋಬೋ.

ಇದನ್ನು ನಮ್ಮ ಕಡೆ ಕಲಿಸೋದು ಹೇಗೆ ಅಂತ ಇಂಜಿನಿಯರಿಂಗ್ ಮುಗಿಸಿದ ಯಾರನ್ನಾದರೂ ಕೇಳ್ರಿ. ಗದಗಿನ ತೋಂಟದಾರ್ಯ ಕಾಲೇಜು, ಹುಲಕೋಟಿಯ ರೂರಲ್ ಇಂಜಿನಿಯರಿಂಗ್ ಕಾಲೇಜು, ಲಕ್ಷ್ಮೇಶ್ವರದ ಅಗಡಿ ಕಾಲೇಜು ಎಲ್ಲವೂ 1998ರಲ್ಲಿ ಶುರುವಾದ ಬೆಳಗಾವಿಯ ವಿಟಿಯು ಅಡಿ ಬರುವಂಥವು. ಅಂದ್ರೆ ಸಿಲೆಬಸ್ ಒಂದೇ, ಪ್ರಶ್ನೆಪತ್ರಿಕೆ ಒಂದೇ. ಮೊದಲು 8051 ಅನ್ನೋ ಹಳೇ ಚಿಪ್ಪು, ಅದರ ಜೊತೆ ಎಂಎಸ್‌ಪಿ430, 2015ರ ಸ್ಕೀಮ್ ಹೊತ್ತಿಗೆ ಆರ್ಮ್ ಕಾರ್ಟೆಕ್ಸ್ ಎಂ3. ಲ್ಯಾಬಿನಲ್ಲಿ ಸ್ಟೆಪರ್ ಮೋಟಾರ್ ತಿರುಗಿಸು, ತ್ರಿಕೋನ ಆಕಾರದ ತರಂಗ ಮೂಡಿಸು, ಎಲಿವೇಟರ್ ಇಂಟರ್‌ಫೇಸ್‌ನ ದೀಪ ಹತ್ತಿಸು. ಪ್ರೋಗ್ರಾಂ ಮ್ಯಾನುಯಲ್‌ನಲ್ಲಿ ಇರುತ್ತೆ. ಟೈಪ್ ಮಾಡಿ, ಔಟ್‌ಪುಟ್ ತೋರಿಸಿ, ರೆಕಾರ್ಡ್ ಬರೆದು, ಸಹಿ ಹಾಕಿಸಿ. ಎಲಿವೇಟರ್ ಲ್ಯಾಬಿನಲ್ಲಿ ದೀಪಗಳು ಏರಿ ಇಳೀತಾವೆ. ಆದ್ರೆ ಲಿಫ್ಟ್ ಎಲ್ಲಿಯೂ ಇರೋದಿಲ್ಲ.

ಇದರಲ್ಲಿ ತಪ್ಪಿಲ್ಲ, ಅಕ್ಷರ ತಿದ್ದದೆ ಯಾರೂ ಪತ್ರ ಬರೆಯೋಕೆ ಆಗಲ್ಲ. ತೊಂದರೆ ಶುರುವಾಗೋದು ಕೊನೆಯ ವರ್ಷದಲ್ಲಿ. ಪ್ರಾಜೆಕ್ಟ್ ಮಾಡ್ರಿ ಅಂದಾಗ ಎಷ್ಟೋ ಜನ ಅದನ್ನು ದುಡ್ಡು ಕೊಟ್ಟು ತರ್ತಾರೆ. ರಿಪೋರ್ಟ್ ಸಮೇತ ಸಿಗುತ್ತೆ, ವೈವಾಗೆ ಏನು ಉತ್ತರ ಹೇಳಬೇಕು ಅನ್ನೋದೂ ಸಿಗುತ್ತೆ. ಇದು ರಾಜ್ಯದ ತುಂಬಾ ಇರೋ ಬಹಿರಂಗ ಗುಟ್ಟು. ನಾನು ಕಾಮರ್ಸ್ ಓದಿದವನು, ಹಾಗಾಗಿ ಇದನ್ನು ಮಾರುಕಟ್ಟೆ ಥರಾನೇ ನೋಡ್ತೀನಿ. ಪ್ರತಿ ವರ್ಷ ಅದೇ ಪ್ರಶ್ನೆ ಕೇಳಿದ್ರೆ, ಅದರ ಉತ್ತರ ತಯಾರು ಮಾಡಿ ಮಾರೋಕೆ ಯಾರೋ ಒಬ್ಬ ಅಂಗಡಿ ತೆರೆದೇ ತೆರೀತಾನೆ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ.

1970ರ ದಶಕ, ಅಮೆರಿಕದ ಎಂಐಟಿ. ಅಲ್ಲಿ ಕೋರ್ಸ್‌ಗಳಿಗೆ ಹೆಸರಿಗಿಂತ ನಂಬರೇ ಜಾಸ್ತಿ ಚಾಲ್ತಿ. 2.70 ಅನ್ನೋದು ಮೆಕ್ಯಾನಿಕಲ್ ವಿಭಾಗದ ಡಿಸೈನ್ ಕೋರ್ಸ್. ವುಡಿ ಫ್ಲವರ್ಸ್ ಅನ್ನೋ ಮೇಷ್ಟ್ರು ಅದನ್ನು ಬೆಳೆಸಿದ ರೀತಿ ಹೀಗಿತ್ತು: ಪ್ರತಿ ವಿದ್ಯಾರ್ಥಿಗೂ ಒಂದೇ ಥರದ ಸಾಮಾನು ತುಂಬಿದ ಒಂದು ಚೀಲ. ಅಷ್ಟರಲ್ಲೇ ಒಂದು ಯಂತ್ರ ಕಟ್ಟಬೇಕು, ಸೆಮಿಸ್ಟರ್ ಕೊನೆಗೆ ಎಲ್ಲರ ಮುಂದೆ ಪೈಪೋಟಿ. ಸಭಾಂಗಣ ತುಂಬಿ ಕೂಗಾಟ. ಮುಂದೆ ಇದೇ ಫ್ಲವರ್ಸ್, ಡೀನ್ ಕೇಮನ್ ಜೊತೆ ಸೇರಿ 1992ರಲ್ಲಿ ಹೈಸ್ಕೂಲ್ ಮಕ್ಕಳಿಗೆ 'ಫಸ್ಟ್' ರೋಬೋ ಸ್ಪರ್ಧೆ ಶುರು ಮಾಡಿದರು.

ಜಪಾನಿನಲ್ಲಿ ಮಸಾಹಿರೊ ಮೋರಿ. ಇವರ ಹೆಸರು ಕೇಳಿರಬಹುದು. ಮನುಷ್ಯನನ್ನು ಹೆಚ್ಚೂ ಕಡಿಮೆ ಹೋಲೋ ರೋಬೋ ನೋಡಿದಾಗ ನಮಗೆ ಒಂಥರಾ ಮೈ ಜುಮ್ಮೆನ್ನುತ್ತಲ್ಲ, ಅದರ ಬಗ್ಗೆ 1970ರಲ್ಲೇ ಬರೆದವರು. ಟೋಕಿಯೊದಲ್ಲಿ ಪಾಠ ಮಾಡ್ತಿದ್ದ ಅವರು ತಮ್ಮ ವಿದ್ಯಾರ್ಥಿಗಳಿಗೆ ಬ್ಯಾಟರಿ ಸೆಲ್ಲಿನ ಶಕ್ತಿಯಿಂದಲೇ ಮನುಷ್ಯನನ್ನು ಹೊತ್ತೊಯ್ಯೋ ಗಾಡಿ ಮಾಡಿ ಅಂದರು. ಟಾರ್ಚಿಗೆ ಹಾಕೋ ಸೆಲ್ಲು! ಶಕ್ತಿ ಅಷ್ಟು ಕಡಿಮೆ ಇದ್ದಾಗ ಪ್ರತಿ ಗ್ರಾಂ ತೂಕಕ್ಕೂ, ಪ್ರತಿ ಬೇರಿಂಗಿನ ಘರ್ಷಣೆಗೂ ಲೆಕ್ಕ ಇಡಲೇಬೇಕು. ಪಾಠ ಅಲ್ಲೇ ಅಡಗಿದೆ. 1988ರಲ್ಲಿ ಎನ್‌ಎಚ್‌ಕೆ ಟಿವಿ ಇದನ್ನೇ ಎತ್ತಿಕೊಂಡು ಅಲ್ಲಿನ ತಾಂತ್ರಿಕ ಕಾಲೇಜುಗಳ ಮಧ್ಯೆ ರೋಬೋಕಾನ್ ನಡೆಸಿತು. 2002ರಲ್ಲಿ ಅದು ಏಷ್ಯಾ-ಪೆಸಿಫಿಕ್ ಮಟ್ಟಕ್ಕೆ ಬೆಳೀತು. ನಮ್ಮ ಲಗೋರಿ ಅಲ್ಲಿಗೆ ಹೋಗಿ ಸೇರಿದ್ದು ಹೀಗೆ. ನಮ್ಮಲ್ಲಿ ರಾಷ್ಟ್ರಮಟ್ಟದ ಸುತ್ತನ್ನು ದೂರದರ್ಶನ ನಡೆಸಿಕೊಂಡು ಬಂತು. ಕರ್ನಾಟಕದಿಂದ ಮಣಿಪಾಲದ ತಂಡ ಅಲ್ಲಿ ಪರಿಚಿತ ಹೆಸರು.

ಆದ್ರೆ ನನಗೆ ಎಲ್ಲಕ್ಕಿಂತ ಇಷ್ಟವಾದ ಕಥೆ ಇಲಿಯದ್ದು.

1977ರಲ್ಲಿ ಐಇಇಇ ಸ್ಪೆಕ್ಟ್ರಮ್ ಅನ್ನೋ ಪತ್ರಿಕೆ ಒಂದು ಸವಾಲು ಹಾಕಿತು: ಜಟಿಲ ದಾರಿಯೊಳಗೆ ಬಿಟ್ರೆ ತಾನೇ ಹೊರಗೆ ಬರೋ ಎಲೆಕ್ಟ್ರಾನಿಕ್ ಇಲಿ ಮಾಡಿ ತೋರಿಸಿ. ಮೈಕ್ರೊಪ್ರೊಸೆಸರ್ ಆಗಷ್ಟೇ ಸಾಮಾನ್ಯ ಇಂಜಿನಿಯರ್‌ಗಳ ಕೈಗೆ ಬಂದಿದ್ದ ಕಾಲ. 1979ರಲ್ಲಿ ನ್ಯೂಯಾರ್ಕ್‌ನಲ್ಲಿ ಫೈನಲ್. ದಾರಿ ನೆನಪಿಟ್ಟುಕೊಳ್ಳೋ ಬುದ್ಧಿವಂತ ಇಲಿಗಳು ಬಂದಿದ್ದವು. ಗೆದ್ದದ್ದು ಯಾವುದು? ಮಿದುಳೇ ಇಲ್ಲದ ಒಂದು ವೇಗದ ಇಲಿ. ಅದು ಬರೀ ಗೋಡೆಗೆ ಒತ್ತಿಕೊಂಡು ಓಡಿತು, ಅಷ್ಟೇ. ಒಳಗೆ ಹೋಗೋ ಬಾಗಿಲು, ಹೊರಗೆ ಬರೋ ಬಾಗಿಲು ಎರಡೂ ಹೊರಗಿನ ಅಂಚಿನಲ್ಲೇ ಇದ್ದವು. ಗೋಡೆ ಹಿಡಿದು ಹೋದ್ರೆ ಯಾವಾಗಲಾದರೂ ಆಚೆ ಬರಲೇಬೇಕು.

ಮುಂದಿನ ವರ್ಷ ಲಂಡನ್ನಿನಲ್ಲಿ ಸ್ಪರ್ಧೆ ನಡೆಸಿದ ಜಾನ್ ಬಿಲಿಂಗ್ಸ್ಲಿ ಒಂದೇ ಒಂದು ನಿಯಮ ಬದಲಾಯಿಸಿದರು. ಗುರಿ ಹೊರಗೆ ಅಲ್ಲ, ನಟ್ಟನಡುವೆ. ಮುಗೀತು ನೋಡ್ರಿ. ಗೋಡೆ ಹಿಡಿದು ಓಡೋ ಇಲಿ ಸುತ್ತುತ್ತಲೇ ಇರುತ್ತೆ, ನಡುವಿನ ಮನೆಗೆ ಮುಟ್ಟೋದೇ ಇಲ್ಲ. ಈಗ ಇಲಿಗೆ ನಕ್ಷೆ ಬೇಕು, ನೆನಪು ಬೇಕು, ಲೆಕ್ಕ ಬೇಕು. ಸಿಲೆಬಸ್ ಕಮಿಟಿ ಕೂತು ಹತ್ತು ಪುಟ ಬರೆದ್ರೂ ಆಗದ ಕೆಲಸ, ಗುರಿಯನ್ನು ಕೆಲವು ಅಡಿ ಒಳಗೆ ಸರಿಸಿದ್ದರಿಂದ ಆಯ್ತು. ರೂಲ್‌ಬುಕ್ ಬರೆಯೋದೇ ಅಸಲಿ ಪಾಠ ಮಾಡೋದು ಅಂತ ನನಗೆ ಅರ್ಥವಾದದ್ದು ಈ ಕಥೆ ಓದಿದಾಗ.

ಮತ್ತೆ ಎಂಐಟಿಗೆ. 1987ರಲ್ಲಿ ಅಲ್ಲಿನ ವಿದ್ಯಾರ್ಥಿಗಳೇ 6.270 ಅನ್ನೋ ಸ್ಪರ್ಧೆ ಶುರು ಮಾಡಿದರು. ಹೆಸರೇ 2.70ಗೆ ಒಂದು ತಮಾಷೆಯ ಜವಾಬು. 6 ಅನ್ನೋದು ಎಲೆಕ್ಟ್ರಿಕಲ್ ವಿಭಾಗದ ನಂಬರ್. ಜನವರಿ ತಿಂಗಳ ಬಿಡುವಿನಲ್ಲಿ ಲೆಗೊ ತುಂಡು, ಮೋಟಾರು, ಸೆನ್ಸರು, ಒಂದು ಕಂಟ್ರೋಲರ್ ಬೋರ್ಡು ಕೊಡ್ತಿದ್ದರು. ರಿಮೋಟ್ ಇರಲಿಲ್ಲ. ಅಂಕಣಕ್ಕೆ ಬಿಟ್ಟ ಮೇಲೆ ರೋಬೋ ತಾನೇ ಆಡಬೇಕಿತ್ತು. ಇದನ್ನು ನಡೆಸಿದವರಲ್ಲಿ ಫ್ರೆಡ್ ಮಾರ್ಟಿನ್ ಒಬ್ಬರು. ಅವರು ಸುಮ್ಮನೆ ನಡೆಸಲಿಲ್ಲ, ಹುಡುಗರು ಹೇಗೆ ಯೋಚನೆ ಮಾಡ್ತಾರೆ ಅಂತ ಗಮನಿಸಿ, 1994ರಲ್ಲಿ ಪಿಎಚ್‌ಡಿ ಪ್ರಬಂಧವನ್ನೇ ಬರೆದರು.

ಅವರು ಕಂಡದ್ದು ಇದು. ವಿದ್ಯಾರ್ಥಿಗಳು ಪ್ರೋಗ್ರಾಂ ಬರೆಯುವಾಗ ಜಗತ್ತು ಪುಸ್ತಕದ ಹಾಗೆ ಇರುತ್ತೆ ಅಂತ ನಂಬ್ತಾರೆ. ಮೂರು ಸೆಕೆಂಡು ಮುಂದೆ ಹೋಗು, ತೊಂಬತ್ತು ಡಿಗ್ರಿ ತಿರುಗು, ಎರಡು ಸೆಕೆಂಡು ಹೋಗು. ಕಾಗದದ ಮೇಲೆ ಸರಿ. ಆದ್ರೆ ಬ್ಯಾಟರಿ ಇಳಿದಂಗೆ ಮೂರು ಸೆಕೆಂಡಿನ ದೂರ ಕಮ್ಮಿ ಆಗುತ್ತೆ. ಒಂದು ಗಾಲಿ ಜಾರಿದ್ರೆ ತೊಂಬತ್ತು ಡಿಗ್ರಿ ಎಂಬತ್ತಾಗುತ್ತೆ. ಲ್ಯಾಬಿನ ಟ್ಯೂಬ್‌ಲೈಟಿನಲ್ಲಿ ಬೆಳಕಿನ ಸೆನ್ಸರ್ ಚೆನ್ನಾಗಿ ಓದಿದ್ದು, ಫೈನಲ್ ದಿನ ವೇದಿಕೆಯ ದೀಪಕ್ಕೆ ಕಂಗಾಲಾಗುತ್ತೆ. ಸೆನ್ಸರ್ ಹೇಳಿದ್ದೆಲ್ಲ ನಿಜ ಅಲ್ಲ, ಮೋಟಾರಿಗೆ ಹೇಳಿದ್ದೆಲ್ಲ ಆಗೋದಿಲ್ಲ. ಇದನ್ನು ಬೋರ್ಡಿನ ಮೇಲೆ ಬರೆದ್ರೆ ಯಾರಿಗೂ ನಾಟೋದಿಲ್ಲ. ತನ್ನ ರೋಬೋ ಎಲ್ಲರ ಎದುರಿಗೆ ದಾರಿ ತಪ್ಪಿದಾಗ ಮಾತ್ರ ನಾಟುತ್ತೆ.

ಇದು ನಮ್ಮವರಿಗೆ ಹೊಸದೇನಲ್ಲ. ಕೂರಿಗೆ ಹಿಡಿದವರನ್ನು ನೋಡ್ರಿ. ಹೊಲದ ಆ ಬದುವಿನ ತನಕ ನೇರ ಹೋಗು ಅಂತ ಎತ್ತಿಗೆ ಒಮ್ಮೆ ಹೇಳಿ ಕಣ್ಣು ಮುಚ್ಚಿಕೊಳ್ಳೋದಿಲ್ಲ. ಸಾಲು ಒಂಚೂರು ಸೊಟ್ಟ ಆಯ್ತು ಅಂದ ಕೂಡಲೇ ಒಂಚೂರೇ ಒತ್ತುತ್ತಾರೆ, ಜಾಸ್ತಿ ಒತ್ತಿದ್ರೆ ಆ ಕಡೆ ಸೊಟ್ಟ ಆಗುತ್ತೆ ಅಂತ ಕೈಗೆ ಗೊತ್ತು. ನೋಡು, ತಿದ್ದು, ಮತ್ತೆ ನೋಡು. ಇಂಜಿನಿಯರಿಂಗಿನಲ್ಲಿ ಇದಕ್ಕೆ ಫೀಡ್‌ಬ್ಯಾಕ್ ಕಂಟ್ರೋಲ್ ಅಂತಾರೆ. ಶಿರಹಟ್ಟಿ ಕಡೆಯಿಂದ ಹೊಲ ನೋಡುತ್ತಾ ಬೆಳೆದು ಬಂದ ಹುಡುಗನಿಗೆ ಈ ಅಧ್ಯಾಯ ಇಂಗ್ಲಿಷ್ ಸಮೀಕರಣದಲ್ಲಿ ಬಂದಾಗ, ಇದು ಅಪ್ಪ ಮಾಡೋ ಕೆಲಸವೇ ಅಂತ ಅವನಿಗೆ ಯಾರೂ ಹೇಳೋದಿಲ್ಲ ಅನ್ನೋದೇ ನನ್ನ ಸಿಟ್ಟು.

ಸರಿ, ಭಾರತಕ್ಕೆ ಬರೋಣ. ಐಐಟಿ ಬಾಂಬೆಯ ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ಪ್ರೊಫೆಸರ್ ಕವಿ ಆರ್ಯ ಎಂಬೆಡೆಡ್ ಸಿಸ್ಟಮ್ಸ್ ಪಾಠ ಮಾಡ್ತಿದ್ದರು. ಅವರ ಲ್ಯಾಬು ಮತ್ತು ನೆಕ್ಸ್ ರೊಬೊಟಿಕ್ಸ್ ಅನ್ನೋ ಕಂಪನಿ ಸೇರಿ 'ಫೈರ್‌ಬರ್ಡ್ 5' ಅನ್ನೋ ರೋಬೋ ಮಾಡಿದರು. ದುಂಡಗೆ, ಎರಡು ಮೋಟಾರು, ಮೇಲೊಂದು ಪುಟ್ಟ ಎಲ್‌ಸಿಡಿ. ಒಳಗೆ ಎಟಿಮೆಗಾ2560 ಚಿಪ್ಪು. ಆರ್ಡುಯಿನೊ ಮೆಗಾ ಬಳಸಿದವರಿಗೆ ಇದು ಹಳೇ ಗೆಳೆಯ. ಹೊಟ್ಟೆ ಕೆಳಗೆ ಬಿಳಿ ಗೆರೆ ಗುರುತಿಸೋ ಸೆನ್ಸರ್‌ಗಳು, ಸುತ್ತಲೂ ದೂರ ಅಳೆಯೋ ಇನ್‌ಫ್ರಾರೆಡ್ ಸೆನ್ಸರ್‌ಗಳು, ಗಾಲಿ ಎಷ್ಟು ತಿರುಗಿತು ಅಂತ ಎಣಿಸೋ ಎನ್‌ಕೋಡರ್‌ಗಳು. ನನಗೆ ಇಷ್ಟವಾದ ಸಂಗತಿ ಅಂದ್ರೆ, ಅಡಾಪ್ಟರ್ ಕಾರ್ಡ್ ಬದಲಾಯಿಸಿದ್ರೆ ಅದೇ ರೋಬೋ 8051 ಚಿಪ್ಪಿನಿಂದಲೂ ಓಡುತ್ತೆ. ಅಂದ್ರೆ ನಮ್ಮ ಸಿಲೆಬಸ್ಸಿನ ಹಳೇ ಚಿಪ್ಪಿಗೂ ಕೊನೆಗೂ ಕಾಲು ಬಂತು.

ಕೇಂದ್ರ ಸರ್ಕಾರದ ಶಿಕ್ಷಣ ಇಲಾಖೆಯ ದುಡ್ಡಿನಲ್ಲಿ ಇದು 'ಇ-ಯಂತ್ರ' ಅನ್ನೋ ಯೋಜನೆ ಆಯ್ತು. 2012ರಲ್ಲಿ ಇ-ಯಂತ್ರ ರೊಬೊಟಿಕ್ಸ್ ಕಾಂಪಿಟಿಷನ್ ಶುರು. ನಾಲ್ಕು ಜನರ ತಂಡ ಮಾಡಿ, ಆನ್‌ಲೈನ್ ಪರೀಕ್ಷೆ ಬರೀರಿ, ಆಯ್ಕೆ ಆದ್ರೆ ರೋಬೋ ಕಿಟ್ ನಿಮ್ಮ ಕಾಲೇಜಿಗೇ ಬರುತ್ತೆ, ಉಚಿತವಾಗಿ. ಆಮೇಲೆ ತಿಂಗಳುಗಟ್ಟಲೆ ಒಂದೊಂದೇ ಟಾಸ್ಕ್. ಮೊದಲು ಗೆರೆ ಹಿಡಿದು ಓಡಿಸು, ಆಮೇಲೆ ತಿರುವು, ಆಮೇಲೆ ವಸ್ತು ಎತ್ತು. ವಿಡಿಯೊ ಮಾಡಿ, ಕೋಡ್ ಬರೆದು, ವಿವರಣೆ ಸಮೇತ ಕಳಿಸು. ಕೊನೆಗೆ ಉಳಿದ ಕೆಲವೇ ತಂಡ ಮುಂಬೈಗೆ. ಗೆದ್ದವರಿಗೆ ಬೇಸಿಗೆಯಲ್ಲಿ ಅಲ್ಲೇ ಇಂಟರ್ನ್‌ಶಿಪ್.

ಗಮನಿಸ್ರಿ, ಹೊರಗಿನಿಂದ ಇದು ಸ್ಪರ್ಧೆ. ಒಳಗಿನಿಂದ ಪೂರ್ತಿ ಒಂದು ಕೋರ್ಸ್. ಫೈನಲ್‌ಗೆ ಹೋಗದ ತಂಡವೂ ಅರ್ಧ ಕೋರ್ಸ್ ಮುಗಿಸಿರುತ್ತೆ. ವರ್ಷ ವರ್ಷ ವಿಷಯ ಬದಲಾಗುತ್ತೆ: ಪ್ಲಾಂಟರ್ ಬಾಟ್, ಹಾರ್ವೆಸ್ಟರ್ ಬಾಟ್, ಕೃಷಿ ಬಾಟ್, ಹೂಜಿಯಲ್ಲಿ ಕಲ್ಲು ಹಾಕಿ ನೀರು ಕುಡಿದ ಬಾಯಾರಿದ ಕಾಗೆಯ ಕಥೆಯೂ ಒಂದು ವರ್ಷ ವಿಷಯವಾಗಿತ್ತು. ಹಾಗಾಗಿ ಈ ವರ್ಷದ ಉತ್ತರ ಯಾವ ಅಂಗಡಿಯಲ್ಲೂ ಸಿಗೋದಿಲ್ಲ. ಪ್ರಾಜೆಕ್ಟ್ ಮಾರೋ ದಂಧೆಗೆ ನಾನು ಕಂಡ ಗಟ್ಟಿ ಮದ್ದು ಇದೇ. ಬೈದು ಬುದ್ಧಿ ಹೇಳೋದರಿಂದ ಮಾರಾಟ ನಿಲ್ಲಲ್ಲ. ಸರಕು ಮುಂದಿನ ವರ್ಷಕ್ಕೆ ಹಳಸುವ ಹಾಗೆ ಮಾಡಬೇಕು.

ಇನ್ನೊಂದು ಕೆಲಸ ಅವರು ಮಾಡಿದರು, ಅದರ ಬಗ್ಗೆ ಯಾರೂ ರೀಲ್ಸ್ ಮಾಡೋದಿಲ್ಲ. ಕಾಲೇಜುಗಳಲ್ಲಿ ಲ್ಯಾಬ್ ಕಟ್ಟಿಸೋ ಕಾರ್ಯಕ್ರಮದಲ್ಲಿ ಮೇಷ್ಟ್ರುಗಳನ್ನೇ ನಾಲ್ಕು ಜನರ ತಂಡ ಮಾಡಿ, ಮೊದಲು ಕಾರ್ಯಾಗಾರ ಕೊಟ್ಟು, ಆಮೇಲೆ ಅವರಿಗೂ ಟಾಸ್ಕ್ ಕೊಟ್ಟರು. ಲೆಕ್ಚರರ್‌ಗಳೇ ಕೋಡ್ ಬರೆದು, ರೋಬೋ ಓಡಿಸಿ, ವಿಡಿಯೊ ಕಳಿಸಬೇಕು. ಅವರಿಗೂ ಸ್ಪರ್ಧೆ! ಹದಿನೈದು ವರ್ಷ ಅದೇ ಪ್ರೋಗ್ರಾಂ ಕಲಿಸಿದ ಮೇಷ್ಟ್ರ ರೋಬೋ ಗೆರೆ ಬಿಟ್ಟು ಮೂಲೆಗೆ ಹೋಗಿ ಗೋಡೆಗೆ ಗುದ್ದಿತು ಅಂದ್ಕೊಳ್ರಿ. ಮರುದಿನ ಅವರು ಪಾಠ ಮಾಡೋ ರೀತಿ ಬೇರೆ ಇರುತ್ತೆ. ಗರಡಿಮನೆಯಲ್ಲಿ ಉಸ್ತಾದ ಕಟ್ಟೆ ಮೇಲೆ ಕೂತು ಪಟ್ಟು ಹೇಳೋದಿಲ್ಲ, ಮಣ್ಣಿಗಿಳೀತಾನೆ. ನಮ್ಮ ಭಾಗದಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಮೆಚ್ಚಿಗೆ ಸಾಕು, ತಕರಾರು ಹೇಳ್ತೀನಿ.

ಮೊದಲನೇದು ಅಂಕ. ಅಕೌಂಟೆನ್ಸಿ ಪರೀಕ್ಷೆಯಲ್ಲಿ ಬ್ಯಾಲೆನ್ಸ್ ಶೀಟ್ ತಾಳೆ ಆಗದೇ ಇದ್ರೂ ನನಗೆ ಸ್ಟೆಪ್ ಮಾರ್ಕ್ಸ್ ಸಿಗ್ತಿತ್ತು. ಅಂಕಣದಲ್ಲಿ ರೋಬೋಗೆ ಸ್ಟೆಪ್ ಮಾರ್ಕ್ಸ್ ಇಲ್ಲ. ಓಡಿದ್ರೆ ಓಡಿತು, ನಿಂತ್ರೆ ನಿಂತಿತು. ಸ್ಪರ್ಧೆಯನ್ನು ಕೋರ್ಸ್ ಮಾಡಿದಾಗ, ಗೆಲುವನ್ನೇ ಅಂಕ ಮಾಡಿಬಿಟ್ರೆ ಎಲ್ಲರೂ ಗೋಡೆ ಹಿಡಿದು ಓಡೋ ಇಲಿಯನ್ನೇ ಮಾಡ್ತಾರೆ. ಹೊಸದು ಮಾಡೋಕೆ ಹೋಗಿ ಸೋತವನಿಗೆ ಯಾಕೆ ಸೋತೆ ಅಂತ ಬರೆದು ತೋರಿಸಿದ್ದಕ್ಕೆ ಅಂಕ ಇರಬೇಕು, ಮತ್ತು ಅದು ಗೆದ್ದವನಿಗಿಂತ ಜಾಸ್ತಿಯೂ ಆಗಬಹುದು.

ಎರಡನೇದು ತಂಡದೊಳಗೆ ಆಗೋದು. ನಾಲ್ಕು ಜನರಲ್ಲಿ ಕೋಡ್ ಬರೆಯೋನು ಒಬ್ಬ, ಸೋಲ್ಡರಿಂಗ್ ಮಾಡೋನು ಒಬ್ಬ, ರಿಪೋರ್ಟ್ ಬರೆಯೋಳು ಹುಡುಗಿ. ಈ ಸಾಲು ಓದಿ ನಕ್ಕ ಹುಡುಗಿಯರಿಗೆ ನಾನು ಏನು ಹೇಳ್ತಿದೀನಿ ಅಂತ ಗೊತ್ತು. ಅಮೆರಿಕದಲ್ಲಿ ವೆಲ್ಸ್ಲಿ ಅನ್ನೋ ಮಹಿಳಾ ಕಾಲೇಜಿದೆ. ಅಲ್ಲಿನ ಫ್ರಾಂಕ್ಲಿನ್ ಟರ್ಬಾಕ್ ಮತ್ತು ರಾಬಿ ಬರ್ಗ್ ಎಂಐಟಿಯ ಆ ಸ್ಪರ್ಧೆಯಿಂದಲೇ ಸ್ಫೂರ್ತಿ ತಗೊಂಡು 1996ರಲ್ಲಿ ಒಂದು ರೋಬೋ ಕೋರ್ಸ್ ಕಟ್ಟಿದರು. ಆದ್ರೆ ಸ್ಪರ್ಧೆಯನ್ನು ತೆಗೆದುಹಾಕಿದರು. ಕೊನೆಯ ದಿನ ಪ್ರದರ್ಶನ. ಊರಿನ ಜನ, ಮಕ್ಕಳು ಬಂದು ನೋಡ್ತಾರೆ, ಪ್ರಶ್ನೆ ಕೇಳ್ತಾರೆ. ಯಾರ ರೋಬೋ ಏನು ಮಾಡಬೇಕು ಅಂತ ಅವರವರೇ ತೀರ್ಮಾನ ಮಾಡ್ತಾರೆ. ಎಲ್ಲರ ಮುಂದೆ ತೋರಿಸಬೇಕು ಅನ್ನೋ ಒತ್ತಡ ಇತ್ತು, ಇನ್ನೊಬ್ಬರನ್ನು ಸೋಲಿಸೋ ಅಗತ್ಯ ಇರಲಿಲ್ಲ. ಜಾತ್ರೆಗಳ ನಾಡು ನಮ್ಮದು. ಜಾತ್ರೆಯಲ್ಲಿ ಕೃಷಿ ವಸ್ತುಪ್ರದರ್ಶನ ಇಡೋದು ಗೊತ್ತಿರೋ ನಮಗೆ ಇದು ಸ್ಪರ್ಧೆಗಿಂತ ಹತ್ತಿರದ್ದು ಅಂತ ನನಗನ್ನಿಸುತ್ತೆ.

ಮೂರನೇದು, ನನಗೆ ಹೆಚ್ಚು ಕಾಡೋದು. ಕೋವಿಡ್ ಬಂತು. 2020ರ ಆವೃತ್ತಿಯಲ್ಲಿ ಇ-ಯಂತ್ರ ಸ್ಪರ್ಧೆ ಸಿಮ್ಯುಲೇಟರ್‌ಗೆ ಹೋಯ್ತು. ರೋಬೋ ಕೈಯಲ್ಲಿಲ್ಲ, ಕಂಪ್ಯೂಟರ್ ಪರದೆಯೊಳಗೆ. ಗಜೀಬೊ, ಕಾಪೆಲಿಯಾಸಿಮ್ ಅನ್ನೋ ಸಾಫ್ಟ್‌ವೇರ್‌ಗಳು. ಆ ಹೊತ್ತಿಗೆ ಬೇರೆ ದಾರಿ ಇರಲಿಲ್ಲ, ಸ್ಪರ್ಧೆ ನಿಲ್ಲದೆ ನಡೀತಲ್ಲ ಅನ್ನೋದೇ ದೊಡ್ಡದು. ಆದ್ರೆ ಲೆಕ್ಕ ನೋಡ್ರಿ. ಮೊದಲು ಕಾಲೇಜಿಗೆ ಕಿಟ್ ಬಂದ್ರೆ, ಹಳೇ ಕಂಪ್ಯೂಟರಿನಲ್ಲಿ ಕೋಡ್ ಬರೆದು ಕೇಬಲ್ ಚುಚ್ಚಿದ್ರೆ ಆಗ್ತಿತ್ತು. ದುಬಾರಿ ವಸ್ತು ಸರ್ಕಾರದ್ದು. ಸಿಮ್ಯುಲೇಟರ್ ಉಚಿತ, ಆದ್ರೆ ಅದನ್ನು ಓಡಿಸೋ ಗಟ್ಟಿ ಲ್ಯಾಪ್‌ಟಾಪ್ ನಮ್ಮದು, ನೆಟ್ ನಮ್ಮದು. ಖರ್ಚು ಇಲ್ಲವಾಗಲಿಲ್ಲ, ಒಂದು ಖಾತೆಯಿಂದ ಇನ್ನೊಂದು ಖಾತೆಗೆ ವರ್ಗ ಆಯ್ತು. ಮುಂಡರಗಿಯ ಹಳ್ಳಿಯೊಂದರಲ್ಲಿ ಮನೆಗೆಲ್ಲ ಒಂದೇ ಸ್ಮಾರ್ಟ್‌ಫೋನ್ ಇಟ್ಕೊಂಡು ಆನ್‌ಲೈನ್ ಕ್ಲಾಸ್ ಕೇಳಿದ ವಿದ್ಯಾರ್ಥಿಗೆ ಆ ಖಾತೆ ತುಂಬೋದು ಹೇಗೆ? ಅದಲ್ಲದೆ ಪರದೆಯೊಳಗಿನ ರೋಬೋಗೆ ಗಾಲಿಗೆ ಕೂದಲು ಸಿಕ್ಕಿಕೊಳ್ಳಲ್ಲ, ಸೋಲ್ಡರ್ ಬಿಡಲ್ಲ. ಫ್ರೆಡ್ ಮಾರ್ಟಿನ್ ಕಂಡ ಆ ಪಾಠ, ಜಗತ್ತು ಪುಸ್ತಕದ ಹಾಗಿಲ್ಲ ಅನ್ನೋದು, ಅಲ್ಲಿ ಅರ್ಧಕ್ಕೆ ಉಳಿಯುತ್ತೆ.

ಹಂಗಾದ್ರೆ ಇಲ್ಲೇ ಏನು ಮಾಡಬಹುದು? ಮುಂಬೈ ಫೈನಲ್ ಇರಲಿ ಬಿಡ್ರಿ. 1905ರಲ್ಲಿ ನಮ್ಮ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಾಗ ತರ್ಕ ಸರಳವಾಗಿತ್ತು: ಒಬ್ಬನ ಕೈಲಾಗದ್ದು ಹತ್ತು ಮಂದಿ ಸೇರಿದ್ರೆ ಆಗುತ್ತೆ. ಒಂದು ಕಾಲೇಜಿಗೆ ಹತ್ತು ಕಿಟ್ ಭಾರ. ಗದಗ, ಹುಲಕೋಟಿ, ಲಕ್ಷ್ಮೇಶ್ವರ ಮೂರೂ ಸೇರಿ ಕೊಂಡು, ಸೆಮಿಸ್ಟರ್ ಸರದಿಯಲ್ಲಿ ಹಂಚಿಕೊಂಡ್ರೆ? ಹುಬ್ಬಳ್ಳಿಯ ಕೆಎಲ್‌ಇ ಟೆಕ್‌ನಲ್ಲಿ ಆಟೊಮೇಷನ್ ಮತ್ತು ರೊಬೊಟಿಕ್ಸ್‌ಗೆ ಪ್ರತ್ಯೇಕ ವಿಭಾಗವೇ ಇದೆ, ತೀರ್ಪುಗಾರರಾಗಿ ಅವರನ್ನು ಕರೆಯೋಕೆ ದೂರವೇನಲ್ಲ. ವಿಷಯಕ್ಕಂತೂ ಬರ ಇಲ್ಲ. ಉಳ್ಳಾಗಡ್ಡಿ ಸಾಲಿನ ನಡುವೆ ಗಿಡ ಮುಟ್ಟದೆ ಕಳೆ ಕೀಳೋ ಒಂದು ಪುಟ್ಟ ಗಾಡಿ. ಎಡೆಕುಂಟೆ ಮಾಡೋ ಕೆಲಸ, ಬ್ಯಾಟರಿಯಲ್ಲಿ. ಅಂಕಣಕ್ಕೆ ಕಪ್ಪು ಫ್ಲೆಕ್ಸ್, ಬಿಳಿ ಗೆರೆ ಬೇಡ. ನಾಲ್ಕು ಹೆಜ್ಜೆ ಅಗಲದ ಎರೆಮಣ್ಣು ಹಾಕಿ. ಮಳೆ ಬಿದ್ದ ಮರುದಿನ ಆ ಮಣ್ಣು ಗಾಲಿಗೆ ಹೇಗೆ ಮೆತ್ತಿಕೊಳ್ಳುತ್ತೆ ಅಂತ ಯಾವ ಸಿಮ್ಯುಲೇಟರ್‌ಗೂ ಗೊತ್ತಿಲ್ಲ, ನಮಗೆ ಗೊತ್ತು.

ನಿಮ್ಮ ಕಾಲೇಜಿನಲ್ಲಿ ಹೀಗೇನಾದರೂ ನಡೆದಿದ್ರೆ, ಸೋತದ್ದಾದ್ರೂ ಸರಿ, ವಾಯ್ಸ್ ಮೆಸೇಜ್ ಕಳಿಸ್ರಿ. ರೋಬೋ ಎಲ್ಲಿ ಕೈಕೊಡ್ತು ಅನ್ನೋದನ್ನು ಬಿಡಿಸಿ ಹೇಳಿದವರನ್ನು ಮುಂದಿನ ಕಂತಿಗೆ ಮಾತಿಗೆ ಕರೀತೀನಿ. ಸಿಗೋಣ.